ಮೇಲೆದ್ದ ನೆಲಕ್ಕೆ ಬೇಲಿ ಹಾಕಿದ ಬಗ್ಗೆ ಮ್ಯಾಂಟಲ್‌ಗೆ ಮನವಿ

ಇಂದ:
ಗುನ್‌ವೋರ್ ನೀಬಕ್, ಮೀನುಗಾರ್ತಿ,
ಸೋಡರ್‌ಗ್ರುಂಡ್ ದ್ವೀಪ, ಕ್ವಾರ್ಕನ್ ಕಡಲು, ಫಿನ್ಲೆಂಡ್.

ಗೆ:
ಮಾನ್ಯ ಮ್ಯಾಂಟಲ್ (ಭೂಮಿಯೊಳಗಿನ ಬಿಸಿ ಶಿಲಾಪದರ) ಅವರು,
ಭೂಕವಚದ ಅಡಿಯ ಕಚೇರಿ,
ನೇರ ಕೆಳಗೆ.

ವಿಷಯ: ತಾವು ಎತ್ತಿದ ನೆಲವನ್ನು ಬೇರೆಯವರು ತಮ್ಮದೆನ್ನುತ್ತಿರುವ ಬಗ್ಗೆ.

ಉಲ್ಲೇಖ: ತಮ್ಮ ಮೇಲಿದ್ದ ಹಿಮದ ಹೊರೆ ಕರಗಿದ್ದು, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ (ಕಡತ ಇನ್ನೂ ಮುಗಿದಿಲ್ಲ).

ಮಾನ್ಯರೇ,

೧. ಸಾಮಾನು ಇಳಿಸಿದ ದೋಣಿ ನೀರಿನಲ್ಲಿ ಮೇಲೇಳುವಂತೆ, ಹಿಮದ ಭಾರ ಕಳೆದುಕೊಂಡ ಭೂಕವಚವನ್ನು ತಾವು ಮೆಲ್ಲಗೆ ಮೇಲೆತ್ತಿ ಸಮತೋಲನ ಕಾಯುತ್ತಿರುವಿರಿ. ಇದಕ್ಕೆ ಅರ್ಜಿದಾರಳ ಆಕ್ಷೇಪಣೆ ಇರುವುದಿಲ್ಲ.

೨. ಆದರೆ ಸದರಿ ಸಮತೋಲನದ ಕಾರಣ, ಅರ್ಜಿದಾರಳ ಅಜ್ಜ ದೋಣಿ ಇಡಲು ನೀರಂಚಿನಲ್ಲಿ ಕಟ್ಟಿದ ದೋಣಿಮನೆ ಈಗ ಹುಲ್ಲಿನ ನಡುವೆ ನಿಂತಿದೆ. ಅವನು ದೋಣಿ ಕಟ್ಟುತ್ತಿದ್ದ ಬಂಡೆಯ ಕಬ್ಬಿಣದ ಬಳೆ ಅರ್ಜಿದಾರಳ ಹೆಗಲೆತ್ತರಕ್ಕೆ ಬಂದಿದ್ದು, ಸದ್ಯ ಬಟ್ಟೆ ಒಣಹಾಕುವ ಹಗ್ಗಕ್ಕೆ ಉಪಯೋಗವಾಗುತ್ತಿದೆ.

೩. ತಲೆಮಾರಿಗೊಮ್ಮೆ ದೋಣಿಮನೆಯನ್ನು ದಿಮ್ಮಿಗಳ ಮೇಲೆ ಉರುಳಿಸಿ ನೀರಿನ ಹತ್ತಿರಕ್ಕೆ ಒಯ್ಯುವುದು ಇಲ್ಲಿನ ವಾಡಿಕೆ. ಅದಕ್ಕೆ ಅಡ್ಡವಾಗಿ ಕಡಲಿನ ಪಾಲುದಾರರ ಸಂಘ ಬೇಲಿ ಹಾಕಿದೆ. ನೀರಿನಲ್ಲಿ ಪಾಲಿದ್ದವರಿಗೇ ನೀರಿನಿಂದೆದ್ದ ನೆಲವೂ ಸೇರತಕ್ಕದ್ದಂತೆ. ಅರ್ಜಿದಾರಳ ಅಜ್ಜ ಗೇಣಿದಾರ. ಮೀನು ಹಿಡಿಯಲು ಕಡಲು ಅವನದಾಗಿತ್ತು, ಪಾಲು ಕೇಳಲು ಆಗಿರಲಿಲ್ಲ.

೪. ಭಾರ ಇಳಿದರೆ ಏಳುವ ನೆಲ ಭಾರ ಹೇರಿದರೆ ಕುಸಿಯಲೇಬೇಕೆಂದು ಲೆಕ್ಕ ಹಾಕಿ, ಅರ್ಜಿದಾರಳು ಕಳೆದ ಚಳಿಗಾಲವಿಡೀ ಸದರಿ ನೆಲದ ಮೇಲೆ ಕಲ್ಲು ಹೇರಿದಳು. ನೆಲ ಕುಸಿಯಲಿಲ್ಲ, ಸೊಂಟ ಕುಸಿಯಿತು. ಅದೇ ಕಲ್ಲುಗಳಿಂದ ಸಂಘವು ಬೇಲಿಗೆ ಬುನಾದಿ ಹಾಕಿಕೊಂಡಿತು.

೫. ವಸಂತದ ಹೆರಿಂಗ್ ಮೀನು ದಡಕ್ಕೆ ಬರುವ ಮೊದಲು ದೋಣಿ ನೀರಿಗಿಳಿಯದಿದ್ದರೆ ವರ್ಷದ ಅನ್ನವೇ ಹೋಗುವುದೆಂದು ಸಂಘದ ಅಧ್ಯಕ್ಷ ರೂನಾರ್ ಬಳಿ ಹೇಳಿಕೊಳ್ಳಲಾಯಿತು. ಆತ ಬಿಸಿಹಬೆ ಸ್ನಾನ ಮುಗಿಸಿ, ಟವೆಲ್ಲಿನಲ್ಲೇ ಬಾಗಿಲಿಗೆ ಬಂದು ನ್ಯಾಯ ಹೇಳಿದ:

"ಸಮುದ್ರ ನಿನ್ನನ್ನ ಬಿಟ್ಟು ಹೋಯ್ತು ಕಣಮ್ಮ. ಅದಕ್ಕೆ ಸಂಘ ಏನು ಮಾಡುತ್ತೆ?"

"ಸಮುದ್ರ ಎಲ್ಲೂ ಹೋಗಿಲ್ಲಪ್ಪ. ನೆಲ ಎದ್ದು ನಿಂತಿದೆ. ಎದ್ದಿದ್ದು ಕಂಡ್ರೆ ನಿಮಗೆ ಬೇಲಿ ಹಾಕೋ ಚಟ."

ಬೆನ್ನ ಮೇಲಿನ ಭಾರ ಇಳಿದಾಗ ಏಳುವುದು ನೆಲದ ಗುಣ ಮಾತ್ರವೆಂದು ಸಂಘ ನಂಬಿಕೊಂಡಂತಿದೆ.

ಆದ್ದರಿಂದ, ಸದರಿ ನೆಲವನ್ನು ಎತ್ತಿದ್ದು ತಾವೇ, ಸಂಘದ ಒಬ್ಬನೂ ಕೈ ಹಾಕಿಲ್ಲವೆಂದು ದೃಢೀಕರಿಸಿ ಪತ್ರ ನೀಡಬೇಕಾಗಿ ಕೋರಿಕೆ. ತಮ್ಮ ಕಚೇರಿಯ ವೇಗ ಎಲ್ಲರಿಗೂ ತಿಳಿದಿರುವ ಕಾರಣ, ಕಡಲ ಮಂಜುಗಡ್ಡೆ ಒಡೆದ ನಂತರದ ಮೊದಲ ಭಾನುವಾರ ಅರ್ಜಿದಾರಳೂ ಪಾಲಿಲ್ಲದ ಇತರ ಹೆಂಗಸರೂ ಸೇರಿ ಬೇಲಿ ಕಿತ್ತು, ಅದರ ಕಂಬಗಳನ್ನೇ ದಿಮ್ಮಿ ಮಾಡಿಕೊಂಡು ದೋಣಿಮನೆಯನ್ನು ನೀರಿಗೆ ಉರುಳಿಸಲಿದ್ದಾರೆ. ಇದು ತಮ್ಮ ಮಾಹಿತಿಗಾಗಿ.

ತಮ್ಮ ಬೆನ್ನ ಮೇಲೆಯೇ ನಿಂತಿರುವ ವಿಶ್ವಾಸಿ,
ಗುನ್‌ವೋರ್ ನೀಬಕ್

ಲಗತ್ತುಗಳು:
೧. ಬೇಲಿಯ ಕೆಳಗೆ ಸಿಕ್ಕ ಒಣ ಕಡಲಪಾಚಿ.
೨. ಹೊಗೆಯಲ್ಲಿ ಬೇಯಿಸಿದ ಹೆರಿಂಗ್ ಒಂದು (ಲಂಚವಲ್ಲ, ಕಳೆದ ವರ್ಷದ್ದು).

ವಿ.ಸೂ.: ಆ ಭಾನುವಾರ ಬೆಳಿಗ್ಗೆಯ ಮಟ್ಟಿಗೆ ನೆಲ ಎತ್ತುವುದನ್ನು ದಯವಿಟ್ಟು ನಿಲ್ಲಿಸಬೇಕು. ದೋಣಿಮನೆ ಭಾರವಿದೆ.