ದೋಣಿ ನೀರಿಗಿಳಿಯುವ ದಿನ

ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕದೆ ಬಿಟ್ಟರೆ ಹೇಗಿರುತ್ತದೋ ಹಾಗಿತ್ತು ಉಚ್ಚಂಗೆಪ್ಪನ ನೌಕರಿ. ಕೆರೆ ಸರ್ವೆ ದೊರೆಯ ಆಫೀಸಿನಲ್ಲಿ ಅವನು ಐದು ವರ್ಷದಿಂದ ಹಂಗಾಮಿ ಗುಮಾಸ್ತ. ಪ್ರತಿ ಯುಗಾದಿಗೂ "ಈ ವರ್ಷ ಖಾಯಂ ಆಗ್ತೀನಿ" ಎಂದು ಹೆಂಡತಿ ಪಂಪಮ್ಮನಿಗೆ ಹೇಳುತ್ತಿದ್ದ. ಅವಳು "ಹೌದ್ರಿ, ಹೌದ್ರಿ" ಎಂದು ಮುಸುರೆ ತೊಳೆಯಲು ಎದ್ದು ಹೋಗುತ್ತಿದ್ದಳು.

ಈ ಸಲ ಮಾತ್ರ ದೊರೆ ಕೈಯಾರೆ ಚೀಟಿ ಬರೆದಿದ್ದ. ಮದರಾಸಿನಿಂದ ತನ್ನ ದೋಣಿ ರೈಲಿನಲ್ಲಿ ರಾಯದುರ್ಗಕ್ಕೆ ಬರುತ್ತದೆ. ಉಚ್ಚಂಗೆಪ್ಪ ಅದನ್ನು ಬಸ್ಸಿನ ಟಾಪಿನ ಮೇಲೆ ಕಟ್ಟಿಸಿಕೊಂಡು ಮಡಕಶಿರದ ಆಚೆ ಹೊಸಕುಂಟೆಯ ಕ್ಯಾಂಪಿಗೆ ತರಬೇಕು. "ಒಂದು ಗೀರೂ ಬೀಳದೆ ದೋಣಿ ನೀರಿಗಿಳಿದ ಕೂಡಲೆ ನಿನ್ನ ಖಾಯಂ ಆರ್ಡರಿಗೆ ಅಲ್ಲೇ ರುಜು ಹಾಕುತ್ತೇನೆ" ಎಂದಿತ್ತು ಚೀಟಿಯ ಕೊನೆಗೆ.

ಆ ವರ್ಷ ಮಳೆ ಚೆನ್ನಾಗಿ ಆಗಿ ಸೀಮೆಯ ಕೆರೆ ಕುಂಟೆಗಳೆಲ್ಲ ತುಂಬಿದ್ದವು. ಸರ್ವೆ ಮುಗಿಯುವವರೆಗೆ ನೀರು ಬಿಡಬಾರದೆಂದು ದೊರೆ ಎಲ್ಲ ತೂಬುಗಳಿಗೂ ಬೀಗ ಜಡಿಸಿದ್ದ. ಕೆಳಗಿನ ಗದ್ದೆಯವರು ಬಾಯಿ ಬಾಯಿ ಬಡಿದುಕೊಂಡರೂ ಅವನು ಜಗ್ಗಲಿಲ್ಲ. "ಪ್ರವಾಹದಿಂದ ಕಟ್ಟೆಗೆ ಅಪಾಯವಿದ್ದರೆ ಹೊರತು ಯಾರೂ ತೂಬು ತೆಗೆಯಕೂಡದು" ಎಂಬ ಹುಕುಮನ್ನು ನಲವತ್ತು ಊರಿಗೆ ದುಂಡಗೆ ನಕಲು ಮಾಡಿದವನು ಉಚ್ಚಂಗೆಪ್ಪನೇ. ಆಳ ಅಳೆಯಲು ದೋಣಿ ಬೇಕೆಂದು ಕಡತದಲ್ಲಿತ್ತು. ದೊರೆಸಾನಿಗೆ ಸಂಜೆ ಹೊತ್ತು ನೀರಿನ ಮೇಲೆ ತೇಲುವ ಆಸೆ ಎಂಬುದೊಂದು ಕಡತದಲ್ಲಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಇಬ್ಬರು ಹಮಾಲರು ರಾಯದುರ್ಗದ ಸ್ಟೇಷನ್ನಿನಿಂದ ದೋಣಿಯನ್ನು ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ತಂದಿಟ್ಟರು. ಸೀಳಿದ ಅವರೆಕಾಯಿಯ ಸಿಪ್ಪೆಯಂತೆ ತೆಳ್ಳಗೆ, ಉದ್ದಕ್ಕೆ, ಮುಖ ಕಾಣುವಷ್ಟು ಪಾಲಿಶ್ ಹೊಡೆಸಿಕೊಂಡು ಮಲಗಿತ್ತು. ಅಲ್ಲೇ ಮಂಡಕ್ಕಿ ಮಾರುವ ಮುದುಕಿ ಉಜ್ಜಿನಮ್ಮ ಮೊದಲು ಬಂದಳು.

"ಏನಪ ಇದು?"

"ಕೆನೂ" ಎಂದ ಉಚ್ಚಂಗೆಪ್ಪ. ದೊರೆ ಇಂಗ್ಲಿಷಿನಲ್ಲಿ ಅಂಥ ದೋಣಿಯನ್ನು ಹಾಗೆಯೇ ಕರೆಯುತ್ತಿದ್ದ.

"ಅದನ್ನ ನಾನು ಕೇಳಿದ್ದು. ಏನು?"

"ಕೆನೂ, ಅಜ್ಜಿ, ಕೆನೂ!"

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ಬೇಕಪ. ತಿರುಗಿ ನನ್ನನ್ನ ಕೇಳಿದ್ರ?"

ಅಷ್ಟರಲ್ಲಿ ಬಟ್ಟೆ ಅಂಗಡಿಯ ಚಂದ್ರಶೇಖರಯ್ಯ ಬಂದರು. ಮಗಳ ಸಂಬಂಧ ನೋಡಲು ಮಡಕಶಿರಕ್ಕೆ ಹೊರಟಿದ್ದವರು. ಊರಿನಲ್ಲಿ ಯಾರು ಏನು ಮಾಡುತ್ತಿದ್ದರೂ ಅದನ್ನು ತಾವು ಇನ್ನೂ ಚೆನ್ನಾಗಿ ಮಾಡಬಲ್ಲೆವೆಂದು ನಂಬಿದವರು. ದೋಣಿಯನ್ನು ಬೋರಲು ಹಾಕಿ ಕಟ್ಟಬೇಕೆಂದು ದೊರೆಯ ಚೀಟಿಯಲ್ಲಿದ್ದುದನ್ನು ಕೇಳಿ ಎರಡು ಕೈಯನ್ನೂ ಆಡಿಸಿಬಿಟ್ಟರು.

"ಬೋರಲು ಹಾಕ್ಬ್ಯಾಡ್ರಿ, ಬೋರಲು ಬಿದ್ದ ಪಾತ್ರಿ ಮನಿಗೆ ದರಿದ್ರ. ಖಾಯಂ ಆಗೋ ಹೊತ್ನ್ಯಾಗ ಯಾಕ ಅಪಶಕುನ?"

ಖಾಯಂ ಎಂಬ ಮಾತು ಕಿವಿಗೆ ಬಿದ್ದರೆ ಉಚ್ಚಂಗೆಪ್ಪನ ಬುದ್ಧಿ ಅರ್ಧ ಕೆಲಸ ಮಾಡುವುದಿಲ್ಲ. ಬಾಯಿ ಮೇಲಾಗಿ ದೋಣಿಯನ್ನು ಟಾಪಿಗೆ ಏರಿಸಿದ. ಹಗ್ಗ ತರಲು ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಬಸ್ಸಿನ ಕ್ಲೀನರು ಅದರೊಳಗೆ ಎರಡು ಮೂಟೆ ಈರುಳ್ಳಿ, ಒಂದು ಕೋಳಿ ಪಂಜರ, ಯಾರದೋ ಒನಕೆ ಎಲ್ಲ ತುಂಬಿ, "ಇನ್ನೂ ಜಾಗ ಐತಿ, ತರ್ರಿ ತರ್ರಿ" ಎಂದು ಕೂಗುತ್ತಿದ್ದ. ಒನಕೆ ನೋಡಿ ಉಚ್ಚಂಗೆಪ್ಪನಿಗೆ ಎದೆ ಒಡೆದ ಹಾಗಾಯಿತು. ಎಲ್ಲವನ್ನೂ ಇಳಿಸಿ, ಒಳಗೆ ಕೈಯಾಡಿಸಿ ಗೀರಿಲ್ಲವೆಂದು ಖಾತ್ರಿ ಮಾಡಿಕೊಂಡು, ದರಿದ್ರ ಬಂದರೆ ಬರಲಿ ಎಂದು ಬೋರಲೇ ಹಾಕಿಸಿದ.

ಕಬ್ಬಿಣದ ಕಂಬಿ ತಾಗದಂತೆ ಅಡಿಗೆ ಮೆತ್ತಗಿನದು ಏನಾದರೂ ಹಾಸಬೇಕಿತ್ತು. ಕುರಿ ಸಂತೆಗೆ ಹೊರಟಿದ್ದ ಯರ್ರಪ್ಪನ ಹೆಗಲ ಮೇಲೆ ದಪ್ಪನೆಯ ಕಂಬಳಿ ಇತ್ತು. ಕೊಡುತ್ತೀಯಾ ಎಂದರೆ, "ಕಂಬಳಿ ಎಲ್ಲೈತೋ ನಾನೂ ಅಲ್ಲೇ ಇರಾವ" ಎಂದು ಅವನೂ ಟಾಪಿನ ಮೇಲೆ ಹತ್ತಿ ಕೂತ. ಅಡ್ಡಕ್ಕೆ ಬಿಗಿಯಲು ನಾರಿನ ಹಗ್ಗವಾದರೆ ಪಾಲಿಶ್ ಉಜ್ಜುತ್ತದೆ. ಅದಕ್ಕೆ ಉಚ್ಚಂಗೆಪ್ಪ ಮನೆಯ ಮಂಚಕ್ಕೆ ಹೆಣೆದ ನವಾರಿನ ಪಟ್ಟಿಯನ್ನೇ ಬಿಚ್ಚಿ ತಂದಿದ್ದ. ಬಿಚ್ಚುವಾಗ ಪಂಪಮ್ಮ ಒಂದೇ ಮಾತು ಹೇಳಿದ್ದಳು: "ಖಾಯಂ ಆಗಿ ಬಂದ್ರ ಮಂಚ. ಇಲ್ಲಂದ್ರ ಇಬ್ರಿಗೂ ಚಾಪೀನೇ ಖಾಯಂ."

ಎರಡು ಕಡೆ ಅಡ್ಡಕ್ಕೆ ನವಾರು ಬಿಗಿದದ್ದಾಯಿತು. ಮುಂದೆ ಮೂತಿಗೊಂದು ಹಗ್ಗ ಹಾಕಿ ಬಸ್ಸಿನ ಮೂಗಿಗೆ ಕಟ್ಟಿದಾಗ ಡ್ರೈವರ್ ಮಸ್ತಾನ್ ಸಾಬರು ಇಳಿದೇ ಬಂದರು.

"ಗುಮಾಸ್ತ್ರ, ನನ್ನ ಕಣ್ಣ ಮುಂದ ಹಗ್ಗ ಕಟ್ಟಿದ್ರ ನಾನು ಹಗ್ಗ ನೋಡ್ಲೋ, ದಾರಿ ನೋಡ್ಲೋ?"

ಹಗ್ಗ ಮಡ್ಗಾರ್ಡಿಗೆ ಸರಿಯಿತು. ಬಾಲಕ್ಕೂ ಒಂದು ಹಗ್ಗ ಬಿತ್ತು. ಹಿಂದಕ್ಕೆ ಚಾಚಿಕೊಂಡ ತುದಿಗೆ ಚೀಟಿಯಲ್ಲಿ ಹೇಳಿದಂತೆ ಕೆಂಪು ಬಟ್ಟೆಯೂ ಬಿತ್ತು. ಇನ್ನು ಹೊರಡಬೇಕು ಎನ್ನುವಾಗ ಶುರುವಾಯಿತು ಪರೀಕ್ಷೆ. ಒಬ್ಬ ಬಂದು ದೋಣಿ ಅಲ್ಲಾಡಿಸಿದ. ಇನ್ನೊಬ್ಬ ಗಂಟು ಜಗ್ಗಿ "ಇದು ನಿಲ್ಲಂಗಿಲ್ರಿ" ಎಂದು ಬಿಚ್ಚಿ ತಾನು ಕಟ್ಟಿದ. ಮೂರನೆಯವನು ಅವನದನ್ನು ಬಿಚ್ಚಿದ. ನಾಲ್ಕನೆಯವನು ಬಾವಿ ಹಗ್ಗದ ಗಂಟೇ ಗಂಟು ಎಂದ. ಕಡೆಗೆ ಯರ್ರಪ್ಪ ಎಲ್ಲರ ಕೈಯನ್ನೂ ಸರಿಸಿ, ಮರಿ ಕಟ್ಟುವ ಗಂಟು ಹಾಕಿ, "ಎಳದಷ್ಟೂ ಬಿಗೀತೈತಿ, ಎಳೀರಿ ಈಗ" ಎಂದ. ಎಲ್ಲರೂ ಎಳೆದರು. ಬಿಗಿಯಿತು.

ಉಚ್ಚಂಗೆಪ್ಪ ಬೆವರು ಒರೆಸಿಕೊಳ್ಳುತ್ತಿದ್ದ. ಆಗ ಉಜ್ಜಿನಮ್ಮ ಮತ್ತೆ ಬಂದಳು.

"ಅಲ್ಲಪ, ನಮ್ಮ ಸೀಮ್ಯಾಗ ದೋಣಿ ಯಾಕ?"

ಅವನ ತಾಳ್ಮೆಯ ಕಟ್ಟೆ ಒಡೆಯಿತು.

"ಯಾಕಂದ್ರ ಪ್ರವಾಹ ಬರ್ತೈತಿ, ಅದಕ್ಕ! ಮಡಕಶಿರದ ಕಡೆ ಕೆರಿ ಕುಂಟಿ ಎಲ್ಲಾ ಒಡೀತಾವ! ಜನರನ್ನ ಹತ್ತಿಸ್ಕೊಂಡು ಬಾ ಅಂತ ಸರ್ಕಾರ ನನ್ನ ಕಳಿಸೈತಿ! ಸಾಕಾ?"

ಅವನ ಮಾತಿಗೆ ಐದು ವರ್ಷದಲ್ಲಿ ಜನ ಬಾಯಿ ಮುಚ್ಚಿದ್ದು ಇದೇ ಮೊದಲು. ಆ ಸುಖದಲ್ಲಿ ಅವನು ಚಂದ್ರಶೇಖರಯ್ಯನವರ ಮುಖ ನೋಡಲಿಲ್ಲ. ಅವರು ಕೆಂಪು ಬಟ್ಟೆಯನ್ನೇ ದಿಟ್ಟಿಸುತ್ತಿದ್ದರು.

ಬಸ್ಸು ಬೆಳುಗುಪ್ಪ ದಾಟಿ ವೇಗ ಹಿಡಿಯಿತೋ ಇಲ್ಲವೋ, "ಗೊಂಯ್" ಎಂದು ಒಂದು ದನಿ ಎದ್ದಿತು. ನಿಲ್ಲಿಸಿದರೆ ದನಿಯಿಲ್ಲ. ಹೊರಟರೆ ಮತ್ತೆ ಗೊಂಯ್. ಮಸ್ತಾನ್ ಸಾಬರು ಎರಡು ಸಲ ಬಸ್ಸಿನ ಅಡಿಗೆ ನುಸುಳಿ ಮುಖವೆಲ್ಲ ಎಣ್ಣೆ ಮಾಡಿಕೊಂಡು ಎದ್ದು ಬಂದರು. ಮೂರನೆಯ ಸಲ ಅವರು ಚಕ್ರ ಬಿಚ್ಚಲು ಹೊರಟಾಗ ಟಾಪಿನ ಮೇಲಿಂದ ಯರ್ರಪ್ಪ ಇಣುಕಿದ.

"ಇಂಜಿನ್ ಅಲ್ರಿ. ನವಾರು ಹಾಡ್ತೈತಿ. ಗಾಳಿಗೆ ಅಗಲ ಪಟ್ಟಿ ಹಂಗ ಹಾಡ್ತೈತಿ. ಒಂದು ಸುತ್ತು ತಿರುವಿ ಕಟ್ಟಿದ್ರ ನಿಲ್ತೈತಿ."

"ಮೊದ್ಲ ಯಾಕ ಹೇಳ್ಲಿಲ್ಲೋ?" ಎಂದು ಉಚ್ಚಂಗೆಪ್ಪ ಹಲ್ಲು ಕಡಿದ.

"ಕೇಳಾಕ ಚಂದ ಇತ್ರಿ."

ನವಾರನ್ನು ಒಂದು ಸುತ್ತು ತಿರುವಿ ಬಿಗಿದರು. ಹಾಡು ನಿಂತಿತು, ಪ್ರಯಾಣಿಕರ ಬೈಗುಳ ನಿಲ್ಲಲಿಲ್ಲ. ಮೂರು ಮೈಲಿಗೊಮ್ಮೆ ಗಂಟು ನೋಡಬೇಕೆಂದು ಚೀಟಿಯಲ್ಲಿತ್ತು. ಉಚ್ಚಂಗೆಪ್ಪ ಎರಡು ಮೈಲಿಗೊಮ್ಮೆ ಬಸ್ಸು ನಿಲ್ಲಿಸಿ ಏಣಿ ಹತ್ತಿದ. ಕಲ್ಯಾಣದುರ್ಗದಲ್ಲಿ ಚಂದ್ರಶೇಖರಯ್ಯನವರು ತಮ್ಮ ಬಟ್ಟೆಯ ಗಂಟು ಎತ್ತಿಕೊಂಡು ಇಳಿದೇಬಿಟ್ಟರು.

"ಈ ಮೆರವಣಿಗಿ ಒಳಗ ಕೂತ್ರ ನನ್ನ ಮಗಳಿಗೆ ಮುಪ್ಪಾದ ಮ್ಯಾಲ ಮಡಕಶಿರ ಮುಟ್ತೀನಿ. ನಾನು ಬ್ಯಾರೆ ಬಸ್ಸು ಹಿಡೀತೀನ್ರಿ" ಎಂದವರು, ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಬೆಳಿಗ್ಗೆ ಹೇಳಿದ್ರಲ್ಲ, ಅದು ಖರೇನ?"

ಉಚ್ಚಂಗೆಪ್ಪ ಆಗ ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡಿದ್ದ. "ಹೂಂ" ಎಂದ. ಹಗ್ಗ ಕಚ್ಚಿದವನು ಬೇರೇನು ಹೇಳಿಯಾನು?

ಅಲ್ಲಿಂದ ಮುಂದೆ ಅವನು ಬಸ್ಸಿನೊಳಗೆ ಕೂರಲೇ ಇಲ್ಲ. ರಸ್ತೆಗೆ ಬಾಗಿದ ಜಾಲಿ ಕೊಂಬೆಗಳು ದೋಣಿಗೆ ಕೈ ಚಾಚುತ್ತಿದ್ದವು. ಅವನೇ ಟಾಪಿನ ಮೇಲೆ ಹತ್ತಿ ದೋಣಿಯನ್ನು ತಬ್ಬಿ ಮಲಗಿದ. ಬಿದ್ದ ಗೀರೆಲ್ಲ ಅವನ ಬೆನ್ನಿಗೆ ಬಿತ್ತು, ದೋಣಿಗೆ ಒಂದೂ ಇಲ್ಲ. ಯರ್ರಪ್ಪ ಮುಳ್ಳು ಕೀಳುತ್ತಾ, "ಕುರೀಗೂ ಇಷ್ಟು ಯಾರೂ ಮಾಡಾಂಗಿಲ್ರಿ" ಎಂದು ಮೆಚ್ಚಿಕೊಂಡ.

ಮಡಕಶಿರ ಹತ್ತಿರವಾದಂತೆ ಉಚ್ಚಂಗೆಪ್ಪನಿಗೆ ಒಂದು ವಿಚಿತ್ರ ಕಂಡಿತು. ಜನ ಕೊಡ, ಚಾಪೆ, ಮೇಕೆ ಹೊತ್ತುಕೊಂಡು ಗುಡ್ಡ ಹತ್ತುತ್ತಿದ್ದರು. ಬಸ್ಸು ಕಂಡವರು ನಿಂತು ಕೈ ಮುಗಿಯುತ್ತಿದ್ದರು. ಒಂದೂರಿನಲ್ಲಿ ಒಬ್ಬ ಅಡ್ಡ ನಿಂತು ಕೇಳಿದ:

"ಸ್ವಾಮಿ, ನಮ್ಮವ್ವಂಗೆ ಗುಡ್ಡ ಹತ್ತಕ್ಕಾಗಲ್ಲ. ದೋಣೀಲಿ ಒಂದೀಟು ಜಾಗ ಕೊಡ್ತೀರಾ?"

"ಇದು ದೊರೆ ದೋಣಿ. ಯಾರೂ ಮುಟ್ಬಾರ್ದು!" ಎಂದು ಉಚ್ಚಂಗೆಪ್ಪ ಗದರಿದ. ಇಲ್ಲಿನವರು ಸಭ್ಯರು, ಆದರೆ ತಲೆ ಸ್ವಲ್ಪ ಸಡಿಲ ಎಂದುಕೊಂಡ.

ಸಂಜೆ ಐದಕ್ಕೆ ಬಸ್ಸು ಹೊಸಕುಂಟೆ ತಲುಪಿತು. ಕಟ್ಟೆಯ ಈಚೆ ಬದಿಗೆ ಊರಿಗೆ ಊರೇ ನೆರೆದಿತ್ತು. ಅವನು ಇಳಿಯುತ್ತಿದ್ದಂತೆ ಊರ ಗೌಡ ದೊಡ್ಡಮಲ್ಲಪ್ಪ ಚೆಂಡುಹೂವಿನ ಹಾರ ಹಾಕಿ, ತೆಂಗಿನಕಾಯಿ ಕೈಗಿಟ್ಟ. ಮೈಯೆಲ್ಲ ಗೀರು, ಬಾಯೆಲ್ಲ ನಾರು, ಆದರೂ ಉಚ್ಚಂಗೆಪ್ಪನ ಎದೆ ಉಬ್ಬಿತು. ದೋಣಿ ತಂದದ್ದಕ್ಕೇ ಇಷ್ಟಾದರೆ ಖಾಯಂ ಆದ ಮೇಲೆ ಇನ್ನೆಷ್ಟೋ!

ಗುಡಿಬಂಡೆ ಕೆರೆ ಅಳೆಯಲು ಹೋಗಿದ್ದ ದೊರೆಯೂ ಅದೇ ಹೊತ್ತಿಗೆ ಕಾರಿನಲ್ಲಿ ಬಂದಿಳಿದ. ನೇರ ಬಸ್ಸಿನ ಏಣಿ ಹತ್ತಿ ದೋಣಿಯ ಬಳಿ ಹೋದ. ಕನ್ನಡಕ ಹಾಕಿ ನೋಡಿದ. ಬೆರಳಾಡಿಸಿ ನೋಡಿದ. ನವಾರಿನ ಸುತ್ತು ನೋಡಿ ತಲೆದೂಗಿದ. ಒಂದು ಗೀರೂ ಇಲ್ಲ. ಜೇಬಿನಿಂದ ಖಾಯಂ ಆರ್ಡರ್ ತೆಗೆದು ದೋಣಿಯ ಬೆನ್ನ ಮೇಲೆ ಹರಡಿ, ಪೆನ್ನಿನ ಮುಚ್ಚಳ ಬಿಚ್ಚಿದ. ಮಂಚ, ನವಾರು, ಪಂಪಮ್ಮನ ಮುಖ, ಎಲ್ಲವೂ ಉಚ್ಚಂಗೆಪ್ಪನ ಕಣ್ಣ ಮುಂದೆ ಬಂದವು.

ದೊರೆ ಪೆನ್ನು, ಆರ್ಡರ್ ಹಿಡಿದುಕೊಂಡೇ, "ಮೊದಲು ನೀರು" ಎಂದು ಇಳಿದು ಕಟ್ಟೆ ಹತ್ತಿದ. ಹತ್ತಿದವನು ಹಾಗೇ ನಿಂತ.

ಉಚ್ಚಂಗೆಪ್ಪ ಓಡಿಹೋಗಿ ನೋಡಿದ. ಕುಂಟೆಯಲ್ಲಿ ನೀರಿರಲಿಲ್ಲ. ನಡುವಿನ ಕೆಸರಿನಲ್ಲಿ ಎರಡು ಎಮ್ಮೆ ಮಲಗಿದ್ದವು, ಒಂದು ಕೊಕ್ಕರೆ ನಿಂತಿತ್ತು. ಕಟ್ಟೆಯ ಆ ತುದಿಗೆ, ತೂಬಿನ ಕೆಳಗೆ, ಒಣಗಿ ನಿಂತಿದ್ದ ಗದ್ದೆಗಳೆಲ್ಲ ಗಂಟಲುಮಟ ಕುಡಿದು ಫಳಫಳ ಹೊಳೆಯುತ್ತಿದ್ದವು.

"ನೀರು ಎಲ್ಲಿ?" ದೊರೆ ಗುಡುಗಿದ.

ದೊಡ್ಡಮಲ್ಲಪ್ಪ ಪಂಚೆ ಸರಿಮಾಡಿಕೊಂಡು, ಮಡಚಿದ ಕಾಗದವೊಂದನ್ನು ವಿನಯದಿಂದ ಮುಂದೆ ಹಿಡಿದ.

"ಮಧ್ಯಾಹ್ನವೇ ತೂಬು ತೆಗೆದ್ವಿ ದೊರೆಗಳೇ. ತಮ್ಮ ಹುಕುಮ್ ಪ್ರಕಾರ್ವೇ. ಪ್ರವಾಹದ ಅಪಾಯ ಇದ್ರೆ ತೆಗೀಬೋದು ಅಂತ ಐತಲ್ಲ ಇದ್ರಾಗೆ. ರಾಯದುರ್ಗದ ಚಂದ್ರಶೇಖರಯ್ಯನೋರು ಮಡಕಶಿರದಾಗೆ ಸಿಕ್ಕಿ ಹೇಳಿದ್ರು, ತಮ್ಮ ಆಪೀಸಿನ ಗುಮಾಸ್ತ್ರೇ ಪ್ರವಾಹ ಬತ್ತೈತೆ ಅಂದ್ರಂತೆ. ನಾನು ನಂಬ್ಲಿಲ್ಲ. ಸರ್ಕಾರ ಕೆಂಪು ಬಟ್ಟೆ ಕಟ್ಟಿ ದೋಣೀನೇ ಕಳ್ಸೈತೆ ಅಂದ ಮ್ಯಾಲೆ ಹೆಂಗ್ ನಂಬ್ದಂಗಿರಾದು ಸ್ವಾಮಿ?"

ಹೇಳುವಾಗ ಅವನ ಮುಖದಲ್ಲಿ ನಂಬಿದವನ ಭಯವೇನೂ ಇರಲಿಲ್ಲ. ಬೆಳೆ ಉಳಿದವನ ತೃಪ್ತಿ ಮಾತ್ರ ಇತ್ತು.

ದೊರೆ ಕಾಗದ ನೋಡಿದ. ದುಂಡಗಿನ ಅಕ್ಷರ ನೋಡಿದ. ಆಮೇಲೆ ಆ ಅಕ್ಷರದ ಒಡೆಯನನ್ನು ನೋಡಿದ.

"ನೀನು ಹೇಳಿದೆಯಾ?"

"ಸಿಟ್ಟಿನ್ಯಾಗ ಹೇಳಿದ್ದು ದೊರೆ! ತಮಾಷಿಗೆ!"

ದೊರೆ ಪೆನ್ನಿಗೆ ಮುಚ್ಚಳ ಹಾಕಿದ. ಆರ್ಡರನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಉಚ್ಚಂಗೆಪ್ಪನಿಗೆ ಅಳು ಬಂದೇಬಿಟ್ಟಿತು. ಬೆನ್ನಿನ ಗೀರುಗಳು ಆಗ ಒಮ್ಮೆಲೇ ಉರಿಯತೊಡಗಿದವು. ಅವನ ಅಳು ಕಂಡು ದೊರೆಗೂ ಏನನ್ನಿಸಿತೋ, ಕಾರು ಹತ್ತುವ ಮುಂಚೆ ತಿರುಗಿ ನಿಂತ.

"ಕಟ್ಟಿದ್ದು ಚೆನ್ನಾಗಿದೆ. ಬಿಚ್ಚಬೇಡ, ಬಸ್ಸು ರಾತ್ರಿ ಇಲ್ಲೇ ನಿಲ್ಲಲಿ. ನಾಳೆ ಬೆಳಿಗ್ಗೆ ಗುಡಿಬಂಡೆ ಕೆರೆ. ಅಲ್ಲಿ ತುಂಬ ನೀರಿದೆ, ನಾನೇ ನೋಡಿ ಬಂದೆ. ದೋಣಿ ನೀರಿಗಿಳಿದರೆ ರುಜು."

ಹೋದ ಜೀವ ಬಂದಂತಾಯಿತು ಉಚ್ಚಂಗೆಪ್ಪನಿಗೆ. ದಾರಿಯಲ್ಲಿ ಯಾರು ಏನು ಕೇಳಿದರೂ ಬಾಯಿ ಬಿಡುವುದಿಲ್ಲ ಎಂದು ಅಲ್ಲೇ ಆಣೆ ಹಾಕಿಕೊಂಡ. ಏಣಿ ಹತ್ತಿ ಗಂಟುಗಳನ್ನೆಲ್ಲ ಇನ್ನೊಮ್ಮೆ ಜಗ್ಗಿ ನೋಡಿದ. ಎಳೆದಷ್ಟೂ ಬಿಗಿಯಾಗಿದ್ದವು. ಕೆಂಪು ಬಟ್ಟೆಯನ್ನು ಮಾತ್ರ ಕಿತ್ತು ಜೇಬಿಗೆ ತುರುಕಿಕೊಂಡ.

ಕೆಳಗೆ ದೊಡ್ಡಮಲ್ಲಪ್ಪ ಕೈ ಮುಗಿದು ನಿಂತಿದ್ದ.

"ಗುಡಿಬಂಡೇಲಿ ತಮ್ಗೇನೂ ಕಮ್ಮಿಯಾಗಕ್ಕಿಲ್ಲ ಸ್ವಾಮಿ. ಅಲ್ಲಿ ಗೌಡ್ರು ನನ್ನ ಭಾವಮೈದ್ನೇ. ಅವ್ರ ತೂಬಿಗೂ ಬೀಗ ಬಿದ್ದು ಎರಡ್ ತಿಂಗ್ಳಾತು, ಪಾಪ. ದೋಣಿ ಬತ್ತೈತೆ ಅಂತ ಹೇಳಿ ಬಾ ಅಂದು ಆಗ್ಲೇ ಸೈಕಲ್ ಮ್ಯಾಲೆ ಆಳು ಕಳ್ಸಿದೀನಿ."