ಅಣ್ಣನ ಕೈಗೆ ಸಮನ್ಸು

ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ನಗು ಬಿಟ್ಟಿ ಸಿಗುತ್ತದೆ. ನ್ಯಾಯ ಮಾತ್ರ ಸಿಗುವುದಿಲ್ಲ. ನನಗೆ ಹಾಗಾಯಿತು, ಇವತ್ತೂ ಯಾರಿಗೋ ಆಗುತ್ತಿರುತ್ತದೆ.

ಮಿಲಿಟರಿ ಆಸ್ಪತ್ರೆಯ ನರ್ಸಾಗಿ ರಂಗೂನು, ಕರಾಚಿ, ಪುಣೆ ಅಂತ ಅಲೆದು, ಐವತ್ತರ ದಶಕದ ಕೊನೆಯಲ್ಲಿ ಹಳೇಬೀಡಿಗೆ ವಾಪಸಾದೆ. ಅವ್ವ ತನ್ನ ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟು ಸತ್ತಿದ್ದಳು. ನನ್ನ ಅಣ್ಣ ತೆಂಗಿನಕಾಯಿ ವ್ಯಾಪಾರಿ, ಅದೇ ಬೀದಿಯಲ್ಲಿ ಅವನಿಗೆ ಸ್ವಂತ ಮನೆಯಿತ್ತು. ಆದರೂ ಅವ್ವನ ಮನೆಗೆ ಕಾಯಿ ತುಂಬಿ ಬೀಗ ಜಡಿದಿದ್ದ. "ಊರೂರು ತಿರುಗೋಳಿಗೆ ಮನೆ ಯಾಕೆ?" ಅಂದ. ಕಾಯಿಗೆ ಸೂರಿತ್ತು, ನನಗಿರಲಿಲ್ಲ. ಅರಸೀಕೆರೆ ಜಂಕ್ಷನ್ ಪಕ್ಕದಲ್ಲಿ, ರೈಲು ಹೋದಾಗಲೆಲ್ಲ ನೀರಿನ ಲೋಟ ಕುಣಿಯುವ ಒಂದು ಕೋಣೆ ಹಿಡಿದು ದಾವಾ ಹಾಕಿದೆ. ಯಾವ ಊರಿನ ಕೋರ್ಟು ಅಂತ ಕೇಳಬೇಡಿ.

"ಸಮನ್ಸು ನಿಮ್ಮಣ್ಣನಿಗೆ ಮುಟ್ಟೋವರೆಗೆ ದಾವಾ ಕದಲೋದಿಲ್ಲಮ್ಮ" ಅಂದರು ನನ್ನ ವಕೀಲರು. ಸಮುದ್ರ ದಾಟಿ ಬಂದವಳಿಗೆ ಇದೇನು ಮಹಾ ಅಂದುಕೊಂಡೆ.

ಒಳ್ಳೆಯ ಆಳು

ಕೋರ್ಟಿನ ಕಾಗದ ಮುಟ್ಟಿಸುವವರು ಅಮೀನರು. ನಮ್ಮ ಅಮೀನರು ಕೊಡೆ ಹಿಡಿದು ಬಸ್ಸಿಳಿದದ್ದನ್ನು ಅಣ್ಣ ದೂರದಿಂದಲೇ ಕಂಡ. ಅಂಗಿ ಬಿಚ್ಚಿ ಒಳಗೆಸೆದು, ತಲೆಗೆ ಟವೆಲ್ಲು ಸುತ್ತಿ, ಅಂಗಳದಲ್ಲಿ ಕಾಯಿ ಸುಲಿಯುತ್ತ ಕೂತ.

"ಯಜಮಾನರು ಇದಾರೇನಪ್ಪಾ?"

"ಬಿಕ್ಕೋಡಿಗೆ ಹೋಗವ್ರೆ ಸ್ವಾಮಿ. ಎಳನೀರು ಕುಡೀರಿ, ಬಿಸಿಲು ಬಾಳ ಐತೆ."

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಅವಳಿಗೆ ಕೊಟ್ಟು ಬರಬಹುದಿತ್ತಲ್ಲ? ಇಲ್ಲ. ಪ್ರತಿವಾದಿ ಸಿಗದಿದ್ದರೆ ಮನೆಯ ಪ್ರಾಯಕ್ಕೆ ಬಂದ ಗಂಡಸಿಗೇ ಕೊಡಬೇಕು ಅಂತ ಆಗಿನ ಕಾನೂನು. ಆಳಿಗೆ ಕೊಟ್ಟರೂ ಕೊಟ್ಟ ಹಾಗಲ್ಲ, ಹೆಂಡತಿಗೆ ಕೊಟ್ಟರೂ ಕೊಟ್ಟ ಹಾಗಲ್ಲ. ಇದನ್ನು ಬರೆದ ಮಹಾನುಭಾವನ ಮನೆಯಲ್ಲಿ ಊಟಕ್ಕೆ ಇಡುತ್ತಿದ್ದವರು ಯಾರೋ!

ಅಮೀನರು ಎಳನೀರು ಕುಡಿದು ಬಂದು ನನಗೆ ಹೇಳಿದರು: "ಯಜಮಾನರು ಸಿಗಲಿಲ್ಲಮ್ಮ. ಆದರೆ ಆಳು ಮಾತ್ರ ಚಿನ್ನದಂಥವನು."

ಅಣ್ಣ ಹುಟ್ಟಿದಾಗಿನಿಂದ ಮೈಬಗ್ಗಿಸಿ ದುಡಿದದ್ದು ಅದೊಂದೇ ದಿನ. ಅದೂ ಕೋರ್ಟಿನ ದಯೆ.

ಗುರುತು

ಎರಡನೇ ಸಲ ನಾನೇ ಜೊತೆಗೆ ಹೋದೆ. ಬಸ್ಸಿನ ಸ್ಟಾಪಿನ ಎದುರಿಗೇ ಅಣ್ಣ ಎಲೆಅಡಿಕೆ ಹಾಕಿಕೊಂಡು ಕೂತಿದ್ದ.

"ಇವನೇ!" ಅಂತ ಕಿರುಚಿದೆ.

ಅಮೀನರು ನಕ್ಕರು. "ಇವನು ಆಳು ಕಣಮ್ಮ, ನನಗೆ ಗೊತ್ತು. ನೀವು ಬಹಳ ವರ್ಷ ಪರದೇಶದಲ್ಲಿದ್ದವರು, ಮರೆತಿದ್ದೀರಿ."

"ಒಂದೇ ಹೊಟ್ಟೇಲಿ ಹುಟ್ಟಿದೀವಿ ಕಣ್ರೀ!"

"ನೀವು ವಾದಿ. ನಿಮ್ಮ ಮಾತು ಸಾಲದು. ಊರಿನವರು ಗುರುತು ಹೇಳಲಿ."

ಊರಿನವರು ಸುತ್ತ ಇದ್ದರು. ಒಬ್ಬ ಆಕಾಶ ನೋಡಿದ, ಒಬ್ಬನಿಗೆ ಅವಸರದ ಕೆಲಸ ನೆನಪಾಯಿತು. ಅಣ್ಣನಿಗೆ ಅಕ್ಷರ ಕಲಿಸಿದ ಮೇಷ್ಟ್ರ ಕೈ ಹಿಡಿದು ಎಳೆತಂದೆ. ಅವರು ಕನ್ನಡಕ ಒರೆಸಿ, ಹಾಕಿಕೊಂಡು, ಅಣ್ಣನನ್ನು ಮೇಲಿಂದ ಕೆಳಗೆ ನೋಡಿದರು.

"ಹೇಳೋದು ಕಷ್ಟಾಮ್ಮಾ. ನನ್ನ ಕ್ಲಾಸಿನಲ್ಲಿ ಅವನು ಸದಾ ಗೋಡೆ ಕಡೆ ಮುಖ ಮಾಡಿ ನಿಂತಿರ್ತಿದ್ದ."

ಹಸು

ಕೊನೆಗೆ ಬಾಗಿಲಿಗೆ ಅಂಟಿಸಿ ಅಂತ ಆಜ್ಞೆಯಾಯಿತು. ಅಮೀನರು ಎದುರುಮನೆಯಲ್ಲಿ ಗಂಜಿ ಕೇಳಿ ಪಡೆದು, ಧಾರಾಳವಾಗಿ ಬಳಿದು, ಅಣ್ಣನ ಮನೆ ಬಾಗಿಲಿಗೆ ಸಮನ್ಸು ಮೆತ್ತಿದರು. ಸಾಕ್ಷಿಗೆ ಪಂಚರನ್ನು ಕರೆದು ತರುವಷ್ಟರಲ್ಲಿ ಅಣ್ಣನ ಹಸು ಗಂಜಿಯ ಸಮೇತ ಅದನ್ನು ಮುಗಿಸಿತ್ತು.

"ಮನೆಯ ಹಸು, ಸ್ವಾಮಿ. ಮನೆಯವರು ಪಡೆದರು ಅಂತಲೇ ಲೆಕ್ಕ" ಅಂತ ವಾದಿಸಿದರು ನನ್ನ ವಕೀಲರು.

ಮುನ್ಸೀಫರು ತಲೆಯೆತ್ತಿದರು. "ಹಸು ಅಂದಿರಲ್ಲ? ಹೋರಿಯಾಗಿದ್ದರೆ ಯೋಚಿಸಬಹುದಿತ್ತು."

ಕೋರ್ಟೆಲ್ಲ ನಕ್ಕಿತು. ವಾಯಿದೆ ಬಿತ್ತು. ಹಲ್ಲು ಕಡಿಯುತ್ತ ನಗುವುದು ಹೇಗೆ ಅಂತ ಆವತ್ತು ಕಲಿತೆ.

ಅತ್ತಿಗೆಯ ಹೇಳಿಕೆ

ಮತ್ತೆ ಹೋದೆವು. ಈ ಸಲ ವೇಷಕ್ಕೆ ಪುರುಸೊತ್ತು ಸಿಗದೆ ಅಣ್ಣ ಅಟ್ಟ ಹತ್ತಿದ್ದ. ಏಣಿ ಇನ್ನೂ ಅಲ್ಲಾಡುತ್ತಿತ್ತು.

"ಮನೇಲಿ ಗಂಡಸರು ಯಾರಾದರೂ ಇದಾರಾ ತಾಯಿ?" ಅಮೀನರು ಜಗುಲಿಯಲ್ಲೇ ನಿಂತು ಕೇಳಿದರು.

"ಕೊಡಿ ಇಲ್ಲಿ, ನಾನೇ ತಗೋತೀನಿ" ಅಂದಳು ಅತ್ತಿಗೆ. "ಇವರ ಪರವಾಗಿ ಸುಳ್ಳು ಹೇಳಿ ಹೇಳಿ ನಾಲಿಗೆ ಬಿದ್ದೋಯ್ತು."

"ಹೆಂಗಸರು ತಗೊಂಡ್ರೆ ನಡಿಯೋದಿಲ್ಲ ತಾಯಿ."

ಅತ್ತಿಗೆಯ ಮುಖ ಕೆಂಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮಂಡಿಗೆ ಕಾಯಿ ಕಳಿಸೋಳು ನಾನು, ಆಳುಗಳ ಜಗಳ ಬಿಡಿಸೋಳು ನಾನು. ಒಂದು ಕಾಗದ ಹಿಡಿಯೋಕೆ ನಾನು ಆಗೋದಿಲ್ವಾ? ಹಂಗಾರೆ ಬರ್ಕೊಳ್ಳಿ. ಈ ಮನೇಲಿ ಗಂಡಸು ಅನ್ನೋನು ಯಾರೂ ಇಲ್ಲ!"

ಅಮೀನರು ಬರೆದುಕೊಂಡರು. ಬರೆದದ್ದನ್ನು ಪಂಚರ ಮುಂದೆ ಗಟ್ಟಿಯಾಗಿ ಓದಿ ರುಜು ಹಾಕಿಸಿಕೊಳ್ಳುವುದು ಅವರ ಪದ್ಧತಿ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಓದಿದರು: "ಪ್ರತಿವಾದಿಯ ಹೆಂಡತಿಯ ಹೇಳಿಕೆ ಏನೆಂದರೆ, ಸದರಿ ಮನೆಯಲ್ಲಿ ಗಂಡಸು ಎಂಬುವರು ಯಾರೂ ಇರುವುದಿಲ್ಲ."

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಪಂಚರಲ್ಲೊಬ್ಬ ಕಿವಿಗೆ ಕೈ ಹಚ್ಚಿದ. "ಇನ್ನೊಂದ್ ಕಿತ ಓದಿ ಸ್ವಾಮಿ, ಸರಿಯಾಗಿ ಕೇಳಿಸ್ನಿಲ್ಲ."

ಅಮೀನರು ಇನ್ನೂ ಗಟ್ಟಿಯಾಗಿ ಓದಿದರು.

ಅಟ್ಟದ ಮೇಲೆ ಏನೋ ದಡಬಡನೆ ಉರುಳಿತು. "ಯಾವನ್ಲಾ ಅವ್ನು, ಗಂಡಸಿಲ್ಲ ಅನ್ನೋನು? ನಾನಿವ್ನಿ ಕಣೋ!" ಮೀಸೆ ತುಂಬ ಜೇಡರ ಬಲೆ ಹೊತ್ತು ಅಣ್ಣ ಇಳಿದು ಬಂದ.

"ನೀನು ಆಳಲ್ವೇನೋ?" ಅಂದರು ಅಮೀನರು.

"ಯಾವನೋ ಆಳು? ಯಜಮಾನ ಕಣೋ ನಾನು, ಯಜಮಾನ!" ತನ್ನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಮೂರನ್ನೂ ಬೀದಿಗೆಲ್ಲ ಕೇಳುವಂತೆ ಕೂಗಿದ. ಅಮೀನರು ಸಮನ್ಸು ಅವನ ಕೈಗಿಟ್ಟರು. ಸಿಟ್ಟಿನ ಭರದಲ್ಲಿ ಅಣ್ಣ ಕಾಗದ ಹರಿಯುವ ಹಾಗೆ ರುಜು ಗೀಚಿದ. ಆಮೇಲೆ ಅಮೀನರ ವರದಿಗೆ ಬೆರಳು ತೋರಿಸಿದ.

"ಈಗ ಅದನ್ನ ಹೊಡೆದು ಹಾಕಿ. ಗಂಡಸಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನ."

"ಅಯ್ಯೋ, ನನಗೆ ಅಧಿಕಾರ ಇಲ್ಲ ಯಜಮಾನ್ರೇ" ಅಂದರು ಅಮೀನರು, ಕೊಡೆ ಬಿಚ್ಚುತ್ತ. "ತಾವು ಗಂಡಸು ಅಂತ ಒಂದು ಅರ್ಜಿ ಬರೆದುಕೊಂಡು ಕೋರ್ಟಿಗೆ ಬಂದುಬಿಡಿ. ಸಾಕ್ಷಿ ಇದ್ದರೆ ಜೊತೆಗೆ ಕರೆತನ್ನಿ."