ನಾಲ್ಕು ಸಿಲಿಂಡರಿನ ಕಾರು ಎಂಟರ ಸಾಲಿನಲ್ಲಿ ನಿಂತ ಬಗ್ಗೆ

ಟೌನ್‌ಶಿಪ್ ಕಚೇರಿ
ಉದ್ಯಾನ ಮತ್ತು ಮನರಂಜನಾ ವಿಭಾಗ
ಹಾಲೋಬ್ರೂಕ್, ಮಿಷಿಗನ್

ಸಂಖ್ಯೆ: ಉಮವಿ/ಕಾರು/ಸದ್ದು/14/2019
ದಿನಾಂಕ: 27 ಜೂನ್ 2019

ಸುತ್ತೋಲೆ

ವಿಷಯ: ಬುಧವಾರ ಸಂಜೆಯ ಹಳೇ ಕಾರುಗಳ ಕೂಟದಲ್ಲಿ, ದೊಡ್ಡ ಎಂಜಿನ್ನಿನಿಂದ ಗುಡುಗುವ ಎಂಟು ಸಿಲಿಂಡರಿನ ಮಸಲ್ ಕಾರುಗಳಿಗೆ ಮೀಸಲಾದ ಸಾಲಿನಲ್ಲಿ, ಟರ್ಬೊ ಸಹಿತ ಸಣ್ಣ ಎಂಜಿನ್ನಿನ ಕಾರೊಂದನ್ನು ನಿಲ್ಲಿಸುತ್ತಿರುವ ಕುರಿತು.

ಉಲ್ಲೇಖ:
1. ಸ್ಥಳ ಸಂಖ್ಯೆ 15ರ ಶ್ರೀ ಗ್ಯಾರಿ ವಾಂಡರ್‌ಮೀರ್ ಅವರ ದೂರು, ದಿನಾಂಕ 22 ಮೇ.
2. ಸದರಿಯವರ ದೂರುಗಳು, ದಿನಾಂಕ 23 ಮೇ, 24 ಮೇ, 25 ಮೇ (ಬೆಳಿಗ್ಗೆ) ಮತ್ತು 25 ಮೇ (ಊಟದ ನಂತರ).
3. ಸ್ಥಳ ಸಂಖ್ಯೆ 14ರ ಶ್ರೀಮತಿ ಲೊರೇನ್ ಡುಡೆಕ್ ಅವರ ಲಿಖಿತ ಉತ್ತರ (ಒಂದು ಸಾಲು: "ಕಾರು ನಂದು").

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಶ್ರೀಮತಿ ಡುಡೆಕ್ ಅವರು ತಮ್ಮ 1970ರ ಕಾರಿನಿಂದ ಏಳು ಲೀಟರಿನ ಎಂಜಿನ್ ಇಳಿಸಿ, ನಾಲ್ಕು ಸಿಲಿಂಡರಿನ, ಎರಡು ಲೀಟರಿನದೊಂದನ್ನು ಕೂರಿಸಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಅವರಿಗೆ ತಿಳಿವಳಿಕೆ ಇಲ್ಲವೆನ್ನಲು ಬರುವುದಿಲ್ಲ. ಎಂಟು ಸಿಲಿಂಡರಿನ ಎಂಜಿನ್ನುಗಳನ್ನೇ ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಕೈಯಾರೆ ಜೋಡಿಸಿದವರು ಅವರು. ಸಾಲಿನಲ್ಲಿ ನಿಲ್ಲುವ ಅರ್ಧದಷ್ಟು ಕಾರುಗಳ ಬೋಲ್ಟುಗಳನ್ನು ಅವರೇ ಬಿಗಿದಿರಬಹುದು. ಆದರೂ ದೂರು ದೂರೇ. ಇಲಾಖೆಗೆ ಬೇರೆ ಕೆಲಸವಿಲ್ಲವೆಂದು ಯಾರೂ ಭಾವಿಸತಕ್ಕದ್ದಲ್ಲ. ಕೊಳದ ಬಾತುಕೋಳಿಗಳ ಕಡತ ಏಪ್ರಿಲ್‌ನಿಂದ ಹಾಗೇ ಬಿದ್ದಿದೆ.

ಆದ್ದರಿಂದ ದಿನಾಂಕ 5 ಜೂನ್‌ನಿಂದ ಜಾರಿಗೆ ಬಂದ ಈ ಕೆಳಕಂಡ ನಿಯಮಗಳನ್ನು ಎಲ್ಲರ ಅವಗಾಹನೆಗೆ ಮತ್ತೊಮ್ಮೆ ತರಲಾಗಿದೆ:

1. ಆರು ಅಡಿ ದೂರದಲ್ಲಿಟ್ಟ ಲೋಟದ ಕಾಫಿ ತಾನಾಗಿ ಅಲುಗುವಂತೆ ಸ್ಟಾರ್ಟ್ ಆಗುವ ವಾಹನವನ್ನು ಮಾತ್ರ ಮಸಲ್ ಕಾರು ಎಂದು ಪರಿಗಣಿಸತಕ್ಕದ್ದು. ಕಾಫಿಯನ್ನು ಮಾಲೀಕರೇ ತರತಕ್ಕದ್ದು.

2. ಎಂಟಕ್ಕಿಂತ ಕಡಿಮೆ ಸಿಲಿಂಡರ್ ಉಳ್ಳವರು, ಗೈರುಹಾಜರಾದ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ರಜೆ ಅರ್ಜಿ ಸಲ್ಲಿಸತಕ್ಕದ್ದು.

3. ಟರ್ಬೊ ಎಂಬುದು ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಸಾಧನ. ಇದು ಎಷ್ಟು ಸಿಲಿಂಡರಿಗೆ ಸಮ ಎಂದು ತೀರ್ಮಾನಿಸಲು ಮೂವರ ಉಪಸಮಿತಿ ರಚಿಸಲಾಗಿತ್ತು. ಒಬ್ಬರು ಎರಡು ಎಂದರು, ಒಬ್ಬರು ನಾಲ್ಕು ಎಂದರು, ಮೂರನೆಯವರು ಎದ್ದು ಹೋದರು. ಉಪಸಮಿತಿಯನ್ನು ವಿಸರ್ಜಿಸಲಾಗಿದೆ.

4. ಸಣ್ಣ ಎಂಜಿನ್ನಿನಿಂದಾಗಿ ಬಾನೆಟ್ಟಿನ ಕೆಳಗೆ ಉಳಿಯುವ ಜಾಗದಲ್ಲಿ ಪಿಯರೋಗಿ ಕಡುಬಿನ ಡಬ್ಬಿಯಿಟ್ಟು ಬಿಸಿ ಮಾಡುವುದನ್ನು ನಿಷೇಧಿಸಲಾಗಿದೆ. ಸದರಿ ಕಡುಬನ್ನು ತಿಂದವರು ದೂರು ನೀಡುವಂತಿಲ್ಲ. ಶ್ರೀ ವಾಂಡರ್‌ಮೀರ್ ಅವರು ಆರು ತಿಂದಿದ್ದು, ಅವು ದೂರಿಗೆ ಮುಂಚಿನವು ಎಂದು ವಾದಿಸಿರುತ್ತಾರೆ.

5. ಬಾನೆಟ್ ಎತ್ತಿದ ಕಾರಿನ ಮುಂದೆ ನಿಂತು ಮೆಚ್ಚುಗೆಯಿಂದ ತಲೆಯಾಡಿಸುವಾಗ ಎಂಟು ಸಿಲಿಂಡರಿಗೆ ಎರಡು ಸಲ, ನಾಲ್ಕಕ್ಕೆ ಒಂದೇ ಸಲ ಆಡಿಸತಕ್ಕದ್ದು.

6. ಸಾಕಷ್ಟು ಸದ್ದು ಬಾರದ ಕಾರಿನ ಮಾಲೀಕರು ಕೊರತೆಯನ್ನು ಬಾಯಿಂದ ತುಂಬಿಕೊಡಬಹುದು. ಅರವತ್ತು ದಾಟಿದವರು ವೈದ್ಯರ ಪತ್ರ ಲಗತ್ತಿಸತಕ್ಕದ್ದು.

7. ಸಿಗ್ನಲ್ಲಿನಲ್ಲಿ ಸ್ಥಳ 14ರ ಕಾರು ಸ್ಥಳ 15ರ ಕಾರನ್ನು ಹಿಂದೆ ಹಾಕಿತು ಎಂಬ ಸಂಗತಿ ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಎರಡು ಸಲ ಹಾಕಿತು ಎಂಬುದೂ ಬರುವುದಿಲ್ಲ.

ವಿಚಾರಣೆ:

8. ದೂರುದಾರರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಹೊಲಿಗೆ ಮಿಷನ್ ತಂದು ಕೂರ್ಸಿದಾಳೆ ಸ್ವಾಮಿ! ಅದ್ರ ಪಕ್ಕ ನಿಲ್ಲೋಕೆ ನಾಚ್ಕೆ ಆಗುತ್ತೆ ನಂಗೆ. ಅವಳ ಗಂಡ ಎಡ್ ಬೇರೆ... ಇಪ್ಪತ್ತಾರು ವರ್ಷ ಕಾರ್ಖಾನೇಲಿ ಒಂದೇ ಬೆಂಚಲ್ಲಿ ಕೂತು ಬುತ್ತಿ ತಿಂದ್ವಿ. ಮೂರು ವರ್ಷದಿಂದ ನನ್ ಹತ್ರ ಒಂದ್ ಮಾತಿಲ್ಲ. ಬರ್ತಾನೆ, ಕುರ್ಚಿ ಹಾಕ್ಕೊಂಡು ಕೂತ್ಕೋತಾನೆ, ಹೋಗ್ತಾನೆ. ನಾನೇನ್ ಮಾಡಿದ್ನೋ ಗೊತ್ತಿಲ್ಲ. ಇರ್ಲಿ, ಅದನ್ನ ಬರ್ಕೋಬೇಡಿ." (ಕೊನೆಯ ವಾಕ್ಯ ಬರುವ ಹೊತ್ತಿಗೆ ಬರೆದುಕೊಂಡು ಆಗಿತ್ತು.)

9. ಶ್ರೀಮತಿ ಡುಡೆಕ್ ಅವರ ಹೇಳಿಕೆ: "ಮೂರು ವರ್ಷದ ಹಿಂದೆ ಎಡ್‌ಗೆ ಗಂಟ್ಲು ಆಪರೇಷನ್ ಆಯ್ತು. ಯಾರ್ಗೂ ಹೇಳ್ಲಿಲ್ಲ. ದನಿ ಇಷ್ಟೇ ಇಷ್ಟು ಉಳೀತು. ನನ್ ಕಿವಿ ನೋಡಿದ್ರೆ ಕಾರ್ಖಾನೇಲೇ ಹೋಯ್ತು. ಆ ದೊಡ್ಡ ಎಂಜಿನ್ ಇದ್ದಾಗ ಪಕ್ಕದಲ್ಲಿ ಕೂತು ಅವ್ನು ಬಾಯಾಡಿಸ್ತಿದ್ದ, ನಾನು ಹೂಂ ಅಂತಿದ್ದೆ. ಏನಂದ ಅಂತ ದೇವ್ರಾಣೆ ಗೊತ್ತಾಗ್ತಿರ್ಲಿಲ್ಲ. ಈಗ ಗೊತ್ತಾಗುತ್ತೆ. ಬರೀ ನನ್ನ ಡ್ರೈವಿಂಗ್ ಬೈತಾನೆ. ಬೈಲಿ ಬಿಡಿ, ಕೇಳುತ್ತಲ್ಲ! ಆ ಜಾಗ ಕಿತ್ಕೊಂಡ್ರೆ ನಾವು ಮನೇಲೇ ಇರ್ತೀವಿ. ನಮ್ಮ ಸ್ನೇಹಿತರೆಲ್ಲ ಆ ಸಾಲಲ್ಲೇ ಇರೋದು, ಇನ್ನೆಲ್ಲಿಗೆ ಹೋಗೋಣ?"

ಇದನ್ನು ಓದಿದ ಇಲಾಖೆಗೆ ಬೇಸರವಾಯಿತು ಎಂಬುದನ್ನು ದಾಖಲಿಸಲು ಯಾವ ನಮೂನೆಯೂ ಇರುವುದಿಲ್ಲ.

10. ನಿಯಮ 1ರ ಪ್ರಕಾರ ದಿನಾಂಕ 26 ಜೂನ್, ಬುಧವಾರ ಸಂಜೆ ಏಳು ಗಂಟೆಗೆ ಸ್ಥಳ ಪರೀಕ್ಷೆ ನಡೆಸಲಾಯಿತು. ಅಳತೆಗೆ ಅಡ್ಡಿಯಾಗಬಾರದೆಂದು ಉಳಿದ ಮೂವತ್ತೆಂಟು ಕಾರುಗಳ ಎಂಜಿನ್ನುಗಳನ್ನು ಆರಿಸಲು ಆದೇಶಿಸಲಾಯಿತು. ಈ ಕೂಟ ಶುರುವಾದ ಹತ್ತೊಂಬತ್ತು ವರ್ಷಗಳಲ್ಲಿ ಎಲ್ಲ ಎಂಜಿನ್ನುಗಳೂ ಒಟ್ಟಿಗೆ ಆರಿದ್ದು ಇದೇ ಮೊದಲು. ಶ್ರೀಮತಿ ಡುಡೆಕ್ ಅವರು ಕಾರು ಸ್ಟಾರ್ಟ್ ಮಾಡಿದರು. ಕಾಫಿ ಅಲುಗಲಿಲ್ಲ.

ಆಗ ಮಡಚುವ ಕುರ್ಚಿಯಲ್ಲಿ ಕುಳಿತಿದ್ದ ಶ್ರೀ ಎಡ್ ಡುಡೆಕ್ ಅವರು ಸಣ್ಣ ದನಿಯಲ್ಲಿ ಹೇಳಿದ್ದು ಸ್ಥಳ 15ಕ್ಕೆ ಸ್ಪಷ್ಟವಾಗಿ ಕೇಳಿಸಿತು: "ಗ್ಯಾರಿ, ನಿನ್ ಗಾಡಿ ಎಣ್ಣೆ ಸೋರ್ತಿದೆ ಕಣೋ. ಮೂರು ಬೇಸಗೆಯಿಂದ ಪ್ರತಿ ಬುಧವಾರ ಹೇಳ್ತಾನೇ ಇದೀನಿ. ನೀನೋ, ಆಕ್ಸಿಲರೇಟರ್ ಒತ್ಕೊಂಡು ಕೂತಿರ್ತೀಯ."

ದೂರುದಾರರು ಬಗ್ಗಿ ನೋಡಿದರು. ಸೋರುತ್ತಿತ್ತು. ಅವರು ಬಹಳ ಹೊತ್ತು ಮೇಲೇಳಲಿಲ್ಲ. ಸ್ಥಳದಲ್ಲಿದ್ದ ಸಿಬ್ಬಂದಿಯು ಸೋರಿಕೆ ಅಷ್ಟು ದೊಡ್ಡದಿರಲಿಲ್ಲ ಎಂದು ವರದಿ ಮಾಡಿರುತ್ತಾರೆ.

ಆದೇಶ:

11. ಸ್ಥಳ ಸಂಖ್ಯೆ 14ರ ಕಾರು ಪರೀಕ್ಷೆಯಲ್ಲಿ ಅನುತ್ತೀರ್ಣವಾಗಿದ್ದು, ಅದು ಸದರಿ ಸ್ಥಳದಲ್ಲೇ ಮುಂದುವರಿಯತಕ್ಕದ್ದು. ಕಾರಣ ಕೇಳಿ ಯಾರೂ ಪತ್ರ ಬರೆಯತಕ್ಕದ್ದಲ್ಲ.

12. ಇನ್ನು ಮುಂದೆ ಪ್ರತಿ ಬುಧವಾರ ಏಳರಿಂದ ಏಳೂವರೆವರೆಗೆ ಸಾಲಿನ ಎಲ್ಲ ಎಂಜಿನ್ನುಗಳನ್ನೂ ಆರಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
(ಡೋರಿಸ್ ಹೆಂಡ್ರಿಕ್ಸ್)
ಉಪ ಮೇಲ್ವಿಚಾರಕರು (ಪ್ರಭಾರ)
ಕಾರು, ಕೊಳ ಮತ್ತು ಬಾತುಕೋಳಿ ಶಾಖೆ

ಪ್ರತಿಗಳು:
1. ಸಾಲಿನ ಎಲ್ಲ ಕಾರು ಮಾಲೀಕರಿಗೆ, ವೈಪರಿನ ಕೆಳಗೆ.
2. ವಿಸರ್ಜಿತ ಉಪಸಮಿತಿಯ ಸದಸ್ಯರಿಗೆ, ಬೇರೆ ಬೇರೆ ಲಕೋಟೆಯಲ್ಲಿ.
3. ಬಾತುಕೋಳಿ ಕಡತಕ್ಕೆ, ವಿಳಂಬದ ಸಮಜಾಯಿಷಿಯಾಗಿ.
4. ಶ್ರೀ ಗ್ಯಾರಿ ವಾಂಡರ್‌ಮೀರ್ ಅವರಿಗೆ, ಖುದ್ದಾಗಿ. (ಷರಾ, 3 ಜುಲೈ: ಬುಧವಾರದ ಕೂಟದಲ್ಲಿ ಪ್ರತಿ ಕೊಡಲು ಹೋದಾಗ ಸದರಿಯವರು ಸ್ಥಳ 14ರ ಕಾರಿನ ಹಿಂದಿನ ಸೀಟಿನಲ್ಲಿ, ಮುಂದಿನ ಎರಡು ಸೀಟುಗಳ ನಡುವೆ ತಲೆ ತೂರಿಸಿಕೊಂಡು ಕುಳಿತಿದ್ದು, "ಸುಮ್ನಿರ್ರೀ, ಎಡ್ ಮಾತಾಡ್ತಿದಾನೆ" ಎಂದು ಹೇಳಿ ಪ್ರತಿಯನ್ನು ಪಡೆಯಲು ನಿರಾಕರಿಸಿರುತ್ತಾರೆ.)